ನಿಮ್ಮ ಕೋವಿ ಲೇಖನದ ಬಗ್ಗೆ

ಶಿರಸಿಯ ಗೆಳೆಯರಿಗೆ ಕಾರವಾರದಿಂದ ನಮಸ್ಕಾರ.

‘ಕೋವಿಗೆ ಯಾಕೆ ಹೆದರಬೇಕು’ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆ. ನಿಮಗೆ ಬರೆಯಲು ಬರುತ್ತದೆ, ಮಂಗಗಳು ತೋಟಕ್ಕೆ ಇಳಿಯುವ ಆ ಒಂದು ಪ್ಯಾರಾ ಸಾಕು ಅದನ್ನು ಹೇಳಲು. ಅದಕ್ಕೇ ಬಿಚ್ಚಿ ಹೇಳುತ್ತಿದ್ದೇನೆ.

ನಿಮ್ಮ ವಾದ ಇಷ್ಟು. 2019ರಲ್ಲಿ ಅಮೆರಿಕದಲ್ಲಿ ರೈಫಲ್‌ನಿಂದ ಕೊಲೆಯಾದವರು 364 ಜನ, ಚಾಕು ಚೂರಿಯಿಂದ 1,476. ಹಾಗಾಗಿ ಕೋವಿಗಿಂತ ಕತ್ತಿಯೇ ಅಪಾಯ, ಬೆಳೆ ರಕ್ಷಣೆಗೆ ರೈತರಿಗೆ ಕೊಡುವ ಕೋವಿ ಲೈಸೆನ್ಸ್‌ಗೆ ತಕರಾರು ಬೇಡ. ಎರಡೂ ಅಂಕಿ ಸರಿಯೇ. ಆದರೆ ನೀವು ಅಂಕಿ ತೆಗೆದುಕೊಂಡ ಅದೇ ಎಫ್‌ಬಿಐ (ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ) ಪಟ್ಟಿಯಲ್ಲಿ ಪಿಸ್ತೂಲಿಗೆ ಬೇರೆ ಸಾಲಿದೆ: 6,368. ಇನ್ನು 3,281 ಸಾವುಗಳಲ್ಲಿ ಎಂಥ ಬಂದೂಕು ಎಂಬುದೇ ದಾಖಲಾಗಿಲ್ಲ. ಅದರಲ್ಲಿ ರೈಫಲ್ ಎಷ್ಟಿತ್ತೋ ಯಾರಿಗೆ ಗೊತ್ತು? ಆ ಪಟ್ಟಿಯ ಒಟ್ಟು 13,927 ಕೊಲೆಗಳಲ್ಲಿ 10,258 ಬಂದೂಕಿನವು. ಹತ್ತಕ್ಕೆ ಏಳಕ್ಕಿಂತ ಜಾಸ್ತಿ ಆಯ್ತು ಅಲ್ವಾ? ಬೇಕಾದ ಸಾಲು ಮಾತ್ರ ಹೆಕ್ಕಿಕೊಂಡರೆ ನಿಮ್ಮನ್ನು ನಂಬಿ ಓದುವವರಿಗೆ ಮೋಸ ಮಾಡಿದಂತೆ.

ನಮ್ಮ ದೇಶದ ಅಂಕಿಯನ್ನು ಇನ್ನೂ ಅವಸರದಲ್ಲಿ ಬಳಸಿದ್ದೀರಿ. 2022ರಲ್ಲಿ 28,522 ಕೊಲೆ ಪ್ರಕರಣ ಎಂದು ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ) ಹೇಳುವುದು ನಿಜ. ಆದರೆ ಅದರೊಳಗೆ ವರದಕ್ಷಿಣೆ ಸಾವು ಬರುವುದಿಲ್ಲ, ಅದಕ್ಕೆ ಬೇರೆ ಲೆಕ್ಕ. ಸುಮ್ನೆ ‘ದೇಶದಲ್ಲಿ ಕೊಂದದ್ದೆಲ್ಲ ಇಷ್ಟೇ’ ಎಂದು ಬರೆದರೆ ಆ ಹೆಣ್ಣುಮಕ್ಕಳು ನಿಮ್ಮ ಲೇಖನದಿಂದಲೂ ಬಿಟ್ಟುಹೋಗುತ್ತಾರೆ.

ಅದೇ ವರದಿಯಲ್ಲಿ ಕೊಲೆಗೆ ಕಾರಣಗಳ ಪಟ್ಟಿಯೂ ಇದೆ. ನೀವು ಅದನ್ನು ಮುಟ್ಟಿಲ್ಲ. 9,962 ಪ್ರಕರಣಗಳಿಗೆ ಕಾರಣ ಜಗಳ, ತಂಟೆ. ಮೂರಕ್ಕೆ ಒಂದಕ್ಕಿಂತ ಜಾಸ್ತಿ. ಗಡಿಯ ಬೇಲಿ, ಆಸ್ತಿ ಪಾಲು, ದುಡ್ಡು, ಕುಡಿದಾಗಿನ ಮಾತು. ಇಂಥ ಸಿಟ್ಟಿನಲ್ಲಿ ಯಾರೂ ಆಯುಧ ಹುಡುಕಿಕೊಂಡು ಹೋಗುವುದಿಲ್ಲ, ಕೈಗೆ ಸಿಕ್ಕಿದ್ದೇ ಆಯುಧ. ನಮ್ಮ ಕಡೆ ತೋಟಕ್ಕೆ ಹೋಗುವವರ ಸೊಂಟದಲ್ಲೇ ಕತ್ತಿ ಇರುತ್ತದೆ. ಜಗುಲಿಯಲ್ಲಿ ದೊಣ್ಣೆ, ಅಂಗಳದಲ್ಲಿ ಕಲ್ಲು. ಕತ್ತಿ ಎತ್ತಿದವನ ಕೈ ಹಿಡಿಯಲು ಪಕ್ಕದವರಿಗೆ ಒಂದು ಗಳಿಗೆಯಾದರೂ ಸಿಗಬಹುದು. ಗುಂಡು ಹಾರಿದ ಮೇಲೆ ಅದೂ ಇಲ್ಲ. ಅಂಥ ಸಿಟ್ಟಿನಲ್ಲಿ ಕೈಗೆ ಕೋವಿಯೇ ಸಿಕ್ಕರೆ? ಲೈಸೆನ್ಸ್ ಬೇಕು ಎನ್ನುವವರು ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ನೀವು ಪಕ್ಕಕ್ಕೆ ಸರಿದಿದ್ದೀರಿ.

‘ತಾಲ್ಲೂಕಿನಲ್ಲಿ ಕೊಲೆ ಶೇ 100 ಏರಿಕೆ’ ಎಂಬ ಸಾಲನ್ನು ತೆಗೆಯಿರಿ. ಒಂದು ಎರಡಾದರೂ ಅದು ಶೇ 100. ನಿಜವಾದ ಸಂಖ್ಯೆಯನ್ನೇ ಬರೆಯಿರಿ.

ಇದಕ್ಕಿಂತ ನನಗೆ ಬೇಸರವಾದದ್ದು ‘ಕತ್ತಿ ರಕ್ತ ಕುಡಿಯಿತು’ ಎಂಬ ಮಾತು. ಅದರ ಮುಂದೆ ಸತ್ತವರ ಊರು, ಮನೆ ಹೆಸರು ಎಲ್ಲ ಕೊಟ್ಟಿದ್ದೀರಿ. ಆ ಮನೆಗೂ ಪತ್ರಿಕೆ ಹೋಗುತ್ತದೆ. ಅವರ ಮಗಳು ಅದನ್ನು ಓದಬೇಕೇ?

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಕಾಡುಹಂದಿ ಮಾತ್ರ ಚುನಾವಣೆ ನೋಡಿ ಬರುವುದಿಲ್ಲ. ಈ ಕಷ್ಟ ನಿಮ್ಮ ಮನೆಯದೇ ಎಂದು ಬರೆದಿದ್ದೀರಿ, ಅದೂ ಕೊನೆಯಲ್ಲಿ, ನಾಲ್ಕೇ ಸಾಲಿನಲ್ಲಿ. ಲೇಖನ ಅಲ್ಲಿಂದ ಶುರುವಾಗಲಿ. ಅಮೆರಿಕವನ್ನು ಪೂರ್ತಿ ಬಿಡಿ. ಮನೆಯಲ್ಲಿ ಕೋವಿ, ತೋಟೆ ಎಲ್ಲಿಡುತ್ತೀರಿ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನೂ ಬರೆಯಿರಿ. ಅಂಕಿ ಬಂದಲ್ಲೆಲ್ಲ ಯಾವ ವರ್ಷದ್ದು, ಯಾವ ಪಟ್ಟಿಯದು ಎಂದು ಪಕ್ಕದಲ್ಲೇ ಗುರುತು ಹಾಕಿ ಕಳಿಸಿ. ನಾನೇ ಕೂತು ತಾಳೆ ನೋಡುತ್ತೇನೆ.