ಒಂದೇ ತಂಡ, ಎರಡು ಥರದ ಅಂಕ

ಪ್ರಶ್ನೆ: ನಾನು ಹದಿನಾಲ್ಕು ಜನರ ತಂಡದ ಮ್ಯಾನೇಜರ್. ಒಂಬತ್ತು ಗಂಡಸರು, ಐದು ಹೆಂಗಸರು. ಹೆಸರು ಬರೆಯದೆ ಉತ್ತರಿಸುವ ಸರ್ವೆಯಲ್ಲಿ 'ತಂಡ ಚೆನ್ನಾಗಿ ಕೆಲಸ ಮಾಡುತ್ತಿದೆಯೇ?', 'ನಿಮ್ಮ ಮಾತಿಗೆ ಬೆಲೆ ಇದೆಯೇ?' ಎಂಬ ಪ್ರಶ್ನೆಗಳಿಗೆ ಗಂಡಸರು ಒಳ್ಳೆಯ ಅಂಕ ಕೊಟ್ಟಿದ್ದಾರೆ, ಹೆಂಗಸರು ತೀರಾ ಕಡಿಮೆ. ನಾನು ಭೇದ ಮಾಡಿದವನಲ್ಲ. ತುಂಬಾ ಬೇಜಾರಾಗಿದೆ. 'ಸರಾಸರಿ ಚೆನ್ನಾಗಿದೆ, ಬಿಡಿ' ಎನ್ನುತ್ತಾರೆ ಮೇಲಿನವರು. ಐವರನ್ನೂ ಕೂರಿಸಿಕೊಂಡು ಕೇಳಿಬಿಡಲೇ?

ಉತ್ತರ: ಹಾಗೆ ಕೇಳಬೇಡಿ. ಐದೇ ಜನರನ್ನು ಕರೆದು 'ನಿಮಗೇನು ತೊಂದರೆ?' ಎಂದರೆ, ಯಾರು ಬರೆದಿದ್ದು ಎಂದು ಹುಡುಕುತ್ತಿದ್ದೀರಿ ಅಂತಲೇ ಅವರಿಗೆ ಅನ್ನಿಸುತ್ತದೆ. ಮುಂದಿನ ಸಲ ಎಲ್ಲರೂ ಪೂರ್ತಿ ಅಂಕ ಕೊಟ್ಟು ಸುಮ್ಮನಾಗುತ್ತಾರೆ.

ನಿಮ್ಮ ಬೇಜಾರು ನನಗೆ ಅರ್ಥವಾಗುತ್ತದೆ. ಆದರೆ ಅವರು ಅಂಕ ಕೊಟ್ಟಿದ್ದು ತಮ್ಮ ದಿನ ಹೇಗೆ ಹೋಗುತ್ತದೆ ಎಂಬುದಕ್ಕೆ. ಗಂಡಸರೂ ನಿಜವನ್ನೇ ಬರೆದಿದ್ದಾರೆ, ಹೆಂಗಸರೂ ನಿಜವನ್ನೇ ಬರೆದಿದ್ದಾರೆ. ಆ ಸರಾಸರಿ ಇದೆಯಲ್ಲ, ಅದು ಮಾತ್ರ ನಿಮ್ಮ ತಂಡದಲ್ಲಿ ಯಾರ ಅನುಭವವೂ ಅಲ್ಲ.

ಮೀಟಿಂಗ್‌ನಲ್ಲಿ ನೋಟ್ಸ್ ಬರೆಯುವವರು ಯಾರು? ಹೊಸಬರಿಗೆ ಕೆಲಸ ಹೇಳಿಕೊಡುವವರು? ಬೀಳ್ಕೊಡುಗೆಗೆ ಓಡಾಡುವವರು? ಇವೆಲ್ಲ ತಂಡಕ್ಕೆ ಬೇಕೇ ಬೇಕು, ಬಡ್ತಿಯ ಲೆಕ್ಕಕ್ಕೆ ಮಾತ್ರ ಬರುವುದಿಲ್ಲ. ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗಂಡಸರು, ಹೆಂಗಸರು ಇಬ್ಬರೂ ಇದ್ದ ಗುಂಪುಗಳಲ್ಲಿ ಇಂಥ ಕೆಲಸಕ್ಕೆ ಹೆಂಗಸರು ಮುಂದೆ ಬಂದಿದ್ದು ಗಂಡಸರಿಗಿಂತ ಶೇ. 48ರಷ್ಟು ಜಾಸ್ತಿ. ಬರೀ ಗಂಡಸರೇ ಇದ್ದಾಗ? ಅವರೂ ಮುಂದೆ ಬಂದರು, ಬರೀ ಹೆಂಗಸರ ಗುಂಪಿನಲ್ಲಿ ಬಂದಷ್ಟೇ. ಅಂದರೆ ಇದು ಹುಟ್ಟುಗುಣ ಅಲ್ಲ. ಹೆಂಗಸರಿದ್ದರೆ ಅವರೇ ಮಾಡುತ್ತಾರೆ ಎಂದು ಎಲ್ಲರೂ ಕಾಯುತ್ತಾರೆ. ಒಬ್ಬರನ್ನು ಆರಿಸಿ ಕೇಳಿ ಎಂದಾಗಲೂ ಜಾಸ್ತಿ ಕೇಳಿದ್ದು ಹೆಂಗಸರನ್ನೇ, ಹಾಗೆ ಕೇಳಿದವರಲ್ಲಿ ಹೆಂಗಸರೂ ಇದ್ದರು! ಭೇದ ಮಾಡುವ ಮನಸ್ಸಿಲ್ಲದೆಯೂ ಇದು ನಡೆಯುತ್ತದೆ. ನಿಮ್ಮಲ್ಲೂ ನಡೆದಿರಬಹುದು.

ಕೆಲಸ ಸಲೀಸಾಗಿ ಸಾಗುತ್ತಿದೆ ಎಂದು ಒಬ್ಬರಿಗೆ ಕಾಣುತ್ತದೆ. ಅದನ್ನು ಹಿಂದೆ ನಿಂತು ತಳ್ಳುತ್ತಿರುವವರಿಗೆ ಅದೇ ಕೆಲಸ ಬೇರೆ ಥರ ಕಾಣುತ್ತದೆ, ಅಲ್ವಾ?

ಒಂದು ತಿಂಗಳು ಸುಮ್ನೆ ಗಮನಿಸಿ. ಯಾರ ಮಾತು ಅರ್ಧಕ್ಕೆ ತುಂಡಾಯಿತು, ಯಾರ ಐಡಿಯಾ ಇನ್ನೊಬ್ಬರ ಹೆಸರಲ್ಲಿ ಮುಂದೆ ಹೋಯಿತು, ನೀವು ಯಾರಿಗೆ ಏನು ಹೇಳಿದಿರಿ, ಎಲ್ಲ ಬರೆದಿಡಿ. 'ಯಾರು ಮಾಡ್ತೀರಿ?' ಎಂದು ಕೇಳುವುದನ್ನು ಬಿಟ್ಟು ಇಂಥ ಕೆಲಸಗಳನ್ನು ಸರದಿಗೆ ಹಾಕಿ. ಹೊಸಬರಿಗೆ ಕಲಿಸಿದ್ದನ್ನು ವರ್ಷದ ಅಪ್ರೈಸಲ್‌ನಲ್ಲಿ ಬರೆಯಿರಿ.

ಮಾತಾಡುವುದಾದರೆ ಹದಿನಾಲ್ಕೂ ಜನರ ಜೊತೆ ಮಾತಾಡಿ, ಒಬ್ಬೊಬ್ಬರಾಗಿ. 'ನೀವು ಮಾಡುವ ಯಾವ ಕೆಲಸ ನನ್ನ ಕಣ್ಣಿಗೆ ಬೀಳುತ್ತಿಲ್ಲ?' ಎಂದು ಕೇಳಿ. ಐವರು ಹೆಂಗಸರೂ ಒಂದೇ ಉತ್ತರ ಕೊಡುತ್ತಾರೆ ಅಂದುಕೊಳ್ಳಬೇಡಿ. ಇಂಥ ಕೆಲಸ ಹೊತ್ತ ಗಂಡಸರೂ ಇರಬಹುದು. ಯಾರು ಏನೇ ಹೇಳಲಿ, ನಡುವೆ ಬಾಯಿ ಹಾಕಬೇಡಿ.

ಮತ್ತೆ, ಮುಂದಿನ ಮೀಟಿಂಗ್‌ನ ನೋಟ್ಸ್ ನೀವೇ ಬರೆಯಿರಿ. ಸರದಿ ನಿಮ್ಮಿಂದಲೇ ಶುರುವಾಗಲಿ.