ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊದಲ ವೆಬ್‌ಸೈಟಿಗೆ ಅಗ್ಗದ ಹೋಸ್ಟಿಂಗ್

ಈ ಸಲ ಆರಿಸಿದ ಐದೂ ಪತ್ರಗಳು ಕೊಡಗಿನವು, ಐದೂ ವೆಬ್‌ಸೈಟಿಗೆ ಸಂಬಂಧಿಸಿದವು. ಮೊದಲ ಪತ್ರದ ಪ್ರಶ್ನೆಯನ್ನೇ ಇನ್ನೂ ಕೆಲವರು ಕೇಳಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ನಾನು ನಿವೃತ್ತ ಶಿಕ್ಷಕ. ನಮ್ಮ ಕಡೆಯ ದೇವರಕಾಡು, ಐನ್‌ಮನೆಗಳ ಬಗ್ಗೆ ಬರೆದ 40 ಲೇಖನ, ಸುಮಾರು 300 ಫೋಟೋ ಇವೆ. ಲೇಖನಗಳೆಲ್ಲ ‘ನುಡಿ’ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದವು. ಒಂದು ಜಾಹೀರಾತಿನಲ್ಲಿ ತಿಂಗಳಿಗೆ 79 ರೂಪಾಯಿ, ಎಲ್ಲವೂ ಅನ್‌ಲಿಮಿಟೆಡ್, ಡೊಮೇನ್ ಉಚಿತ ಎಂದಿದೆ. ವರ್ಷಕ್ಕೆ ಮೂರು ಸಾವಿರದೊಳಗೆ ಮುಗಿಯಬೇಕು. ತೆಗೆದುಕೊಳ್ಳಬಹುದೇ?
— ಅಮ್ಮತ್ತಿಯ ಓದುಗರು

ಹೋಸ್ಟಿಂಗ್ ಎಂದರೆ ಸೈಟಿನ ಫೈಲುಗಳನ್ನಿಡಲು ಸರ್ವರ್‌ನಲ್ಲಿ, ಅಂದರೆ ಸದಾ ಇಂಟರ್ನೆಟ್ಟಿಗೆ ಜೋಡಿಸಿದ ಕಂಪ್ಯೂಟರಿನಲ್ಲಿ, ಪಡೆಯುವ ಬಾಡಿಗೆ ಜಾಗ. ಡೊಮೇನ್ ಎಂದರೆ ಸೈಟಿನ ವಿಳಾಸದ ಹೆಸರು. ಮೊದಲು ಆ 79 ರೂಪಾಯಿಯ ಲೆಕ್ಕ ಬಿಡಿಸೋಣ. ಇಂಥ ದರ ಸಾಮಾನ್ಯವಾಗಿ 48 ತಿಂಗಳ ಹಣವನ್ನು ಒಟ್ಟಿಗೆ ಕಟ್ಟಿದವರಿಗೆ ಮಾತ್ರ. 79ನ್ನು 48ರಿಂದ ಗುಣಿಸಿದರೆ 3,792. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ಇವತ್ತೇ ಕೈಬಿಡುವ ಹಣ 4,474 ರೂಪಾಯಿ 56 ಪೈಸೆ. ನಾಲ್ಕು ವರ್ಷದ ಮೇಲೆ ಬರುವ ರಿನ್ಯೂವಲ್ (ನವೀಕರಣ) ದರ ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಅದು ತಿಂಗಳಿಗೆ 299 ಎಂದಿಟ್ಟುಕೊಳ್ಳಿ. ಒಂದೇ ವರ್ಷಕ್ಕೆ ತೆರಿಗೆ ಸೇರಿ 4,233 ರೂಪಾಯಿ 84 ಪೈಸೆ. ಮೊದಲ ನಾಲ್ಕು ವರ್ಷಕ್ಕೆ ಕೊಟ್ಟಷ್ಟನ್ನೇ ಹೆಚ್ಚುಕಡಿಮೆ ಐದನೆಯ ವರ್ಷ ಒಂದೇ ಏಟಿಗೆ ಕೊಟ್ಟಂತಾಯಿತು.

ಆದ್ದರಿಂದ ಕಂಪನಿಗಳನ್ನು ಹೋಲಿಸುವಾಗ ರಿನ್ಯೂವಲ್ ದರವನ್ನಷ್ಟೇ ಹೋಲಿಸಿ. ಅದು ತಿಂಗಳಿಗೆ 150ರ ಆಸುಪಾಸಿನಲ್ಲಿದ್ದರೆ ವರ್ಷಕ್ಕೆ 1,800, ತೆರಿಗೆ 324, ಒಟ್ಟು 2,124. ನಿಮ್ಮ ಮೂರು ಸಾವಿರದಲ್ಲಿ ಉಳಿಯುವ 876 ರೂಪಾಯಿಗೆ, ದರ ನೋಡಿ ಆರಿಸಿದರೆ, ಒಂದು ‘ಡಾಟ್ ಇನ್’ ಹೆಸರು ದಕ್ಕುತ್ತದೆ. ಮೊದಲ ಸಲ ಒಂದು ವರ್ಷಕ್ಕಷ್ಟೇ ಕಟ್ಟಿ. ಕಂಪನಿ ಸರಿಯಿಲ್ಲ ಅನ್ನಿಸಿದರೆ ಬಿಟ್ಟು ಬರುವುದು ಸುಲಭವಾಗುತ್ತದೆ.

‘ಅನ್‌ಲಿಮಿಟೆಡ್’ ಎಂಬ ಮಾತನ್ನು ಹಾಗೇ ನಂಬಬೇಡಿ. ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಂದೇ ಸರ್ವರನ್ನು ನೂರಾರು ಸೈಟುಗಳು ಹಂಚಿಕೊಳ್ಳುತ್ತವೆ. ಅಲ್ಲಿ ಮಿತಿ ಬೀಳುವುದು ಬೇರೆ ಕಡೆ. ಒಂದು, ಐನೋಡ್, ಅಂದರೆ ಫೈಲುಗಳ ಒಟ್ಟು ಸಂಖ್ಯೆ. ಇನ್ನೊಂದು, ಒಂದೇ ಕ್ಷಣದಲ್ಲಿ ಎಷ್ಟು ಜನರ ಬೇಡಿಕೆಯನ್ನು ನಿಮ್ಮ ಸೈಟು ನಿಭಾಯಿಸಬಹುದು ಎಂಬುದು. ನಿಮ್ಮ ಹೊಸ ಲೇಖನದ ಕೊಂಡಿಯನ್ನು ನಾಲ್ಕು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಐದೇ ನಿಮಿಷದಲ್ಲಿ ‘508’ ಎಂಬ ದೋಷಸಂಖ್ಯೆ ಕಂಡರೆ ಈ ಎರಡನೆಯ ಮಿತಿ ಮುಟ್ಟಿತೆಂದೇ ಅರ್ಥ. ಸೈಟು ಕಟ್ಟುವ ಉಚಿತ ತಂತ್ರಾಂಶ ವರ್ಡ್‌ಪ್ರೆಸ್ ಬಳಸುವುದಾದರೆ, ಅದರಲ್ಲಿ ಕ್ಯಾಶ್ ಪ್ಲಗಿನ್ (ಪುಟಗಳನ್ನು ಸಿದ್ಧಮಾಡಿ ಕೂಡಿಡುವ ಚಿಕ್ಕ ಸೇರ್ಪಡೆ) ಒಂದನ್ನು ಮೊದಲೇ ಹಾಕಿಕೊಂಡರೆ ಸಿದ್ಧ ಪುಟವೇ ಹೊರಗೆ ಹೋಗುವುದರಿಂದ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಇಷ್ಟಕ್ಕೂ ನಿಮಗೆ ಬೇಕಾದ ಜಾಗ ಎಷ್ಟು? ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತವ್ಯವಸ್ಥೆಯಾದ ಯುನಿಕೋಡ್‌ನ ಯುಟಿಎಫ್-8 ಮಾದರಿಯಲ್ಲಿ ಕನ್ನಡದ ಒಂದೊಂದು ಅಕ್ಷರ, ಗುಣಿತಚಿಹ್ನೆ, ಅರ್ಧಾಕ್ಷರದ ಚಿಹ್ನೆಗೂ ಮೂರು ಬೈಟ್ ಬೇಕು. 1,500 ಪದದ ಲೇಖನ ಹೆಚ್ಚೆಂದರೆ 40 ಕಿಲೋಬೈಟ್ ಆದೀತು. ನಲವತ್ತೂ ಸೇರಿದರೆ ಎರಡು ಎಂಬಿಯೊಳಗೆ! ಭಾರವೆಲ್ಲ ಫೋಟೋದ್ದು. ಮೊಬೈಲಿನ ಫೋಟೋ ಒಂದಕ್ಕೆ ಮೂರರಿಂದ ಐದು ಎಂಬಿ. ಅದನ್ನು 1,600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಗುಣಮಟ್ಟ 75ಕ್ಕಿಟ್ಟು ವೆಬ್‌ಪಿ ಮಾದರಿಯಲ್ಲಿ ಉಳಿಸಿದರೆ ಸುಮಾರು 250 ಕಿಲೋಬೈಟಿಗೆ ಬರುತ್ತದೆ. ಬ್ರೌಸರ್‌ನಲ್ಲೇ ನಡೆಯುವ ‘ಸ್ಕ್ವೂಷ್’ ಎಂಬ ಉಚಿತ ಸಾಧನ ಇದಕ್ಕೆ ಸಾಕು. 300 ಫೋಟೋ 75 ಎಂಬಿ ಆಯಿತು. ವರ್ಡ್‌ಪ್ರೆಸ್ ಪ್ರತಿ ಫೋಟೋದ ಹಲವು ಅಳತೆಯ ಪ್ರತಿಗಳನ್ನು ತಾನೇ ಮಾಡಿಡುತ್ತದೆ. ಅವನ್ನೂ ಲೆಕ್ಕಕ್ಕೆ ಹಿಡಿದರೂ ಒಂದು ಜಿಬಿ ದಾಟುವುದಿಲ್ಲ. 5 ಜಿಬಿಯ ಯೋಜನೆ ನಿಮಗೆ ಧಾರಾಳ.

ಹಣ ಕಟ್ಟುವ ಮುಂಚೆ ಕಂಪನಿಯ ಚಾಟ್‌ನಲ್ಲಿ ನಾಲ್ಕು ಪ್ರಶ್ನೆ ಕೇಳಿ: ಸರ್ವರ್ ಮುಂಬೈ ಅಥವಾ ಬೆಂಗಳೂರಿನಲ್ಲಿ ಸಿಗುತ್ತದೆಯೇ? ಬ್ಯಾಕಪ್ ದಿನಾ ಆಗುತ್ತದೆಯೇ, ಅದನ್ನು ಮರಳಿ ಹಾಕಿಕೊಡಲು ಬೇರೆ ಹಣವೇ? ಎಸ್‌ಎಸ್‌ಎಲ್ (ಓದುಗರಿಗೂ ಸೈಟಿಗೂ ನಡುವಿನ ಸಂಪರ್ಕವನ್ನು ಗುಪ್ತವಾಗಿಡುವ ಪ್ರಮಾಣಪತ್ರ) ಉಚಿತವೇ, ತಾನಾಗಿ ನವೀಕರಣವಾಗುತ್ತದೆಯೇ? ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಕಂಪ್ಯೂಟರ್ ಭಾಷೆ) ಮೆಮೊರಿ ಮಿತಿ 256 ಎಂಬಿ ಇದೆಯೇ? ಎಸ್‌ಎಸ್‌ಎಲ್‌ಗೆ ಪ್ರತ್ಯೇಕ ಹಣ ಕೇಳುವ ಕಡೆ ಹೋಗಲೇಬೇಡಿ. ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ 2016ರಿಂದ ಎಲ್ಲರಿಗೂ ಅದನ್ನು ಉಚಿತವಾಗಿಯೇ ಕೊಡುತ್ತಿದೆ. ಸರ್ವರ್ ಅಮೆರಿಕದಲ್ಲಿದ್ದರೆ ಒಂದು ಹೋಗಿಬರುವಿಕೆಗೇ 200 ಮಿಲಿಸೆಕೆಂಡು ದಾಟುತ್ತದೆ. ಪುಟ ತೆರೆಯುವ ಮುನ್ನ ಇಂಥವು ಮೂರ್ನಾಲ್ಕು ನಡೆಯುತ್ತವೆ. ಆದರೂ ಆಟಿ ತಿಂಗಳ ಮಳೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇರುವ ಫೋನಿನಲ್ಲಿ ನಿಮ್ಮ ಪುಟ ಬಿಚ್ಚಿಕೊಳ್ಳಬೇಕಾದರೆ, ಸರ್ವರ್ ಎಲ್ಲಿದೆ ಎನ್ನುವುದಕ್ಕಿಂತ ಫೋಟೋ ಎಷ್ಟು ಹಗುರ ಎನ್ನುವುದೇ ಮುಖ್ಯ.

‘ಉಚಿತ ಡೊಮೇನ್’ ಬೇಡ ಎನ್ನುವುದು ನಮ್ಮ ಸಲಹೆ. ಹೋಸ್ಟಿಂಗ್ ಬಾಡಿಗೆ ಮನೆ ಇದ್ದಂತೆ, ಸರಿಹೋಗದಿದ್ದರೆ ಸಾಮಾನು ಕಟ್ಟಿಕೊಂಡು ಇನ್ನೊಂದಕ್ಕೆ ಹೋಗಬಹುದು. ಡೊಮೇನ್ ಮಾತ್ರ ಪಹಣಿಯಂತೆ ನಿಮ್ಮ ಹೆಸರಲ್ಲೇ ಇರಬೇಕು. ಎರಡೂ ಒಂದೇ ಕಡೆ ಇದ್ದರೆ ಬಿಡುವಾಗ ತಕರಾರು. ‘30 ದಿನದಲ್ಲಿ ಹಣ ವಾಪಸ್’ ಎಂದಿದ್ದರೂ ಉಚಿತ ಡೊಮೇನಿನ ಬೆಲೆಯನ್ನು ಅದರಲ್ಲಿ ಮುರಿದುಕೊಳ್ಳುವುದು ವಾಡಿಕೆ. ಡೊಮೇನನ್ನು ಬೇರೊಂದು ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ) ಬಳಿ ಕೊಂಡು, ಆ ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ತಿಳಿಸಲು ಹೋಸ್ಟಿಂಗ್ ಕಂಪನಿ ಕೊಡುವ ಎರಡು ನೇಮ್‌ಸರ್ವರ್ ವಿಳಾಸಗಳನ್ನು ಅಲ್ಲಿ ತುಂಬಿದರೆ ಮುಗಿಯಿತು. ಬದಲಾವಣೆ ಎಲ್ಲೆಡೆ ಕಾಣಲು ಕೆಲವೊಮ್ಮೆ 48 ಗಂಟೆ ಹಿಡಿಯುತ್ತದೆ. ಗಾಬರಿಯಾಗಿ ಮತ್ತೆ ಮತ್ತೆ ಬದಲಿಸಿದರೆ ಇನ್ನಷ್ಟು ತಡವಾಗುತ್ತದೆ.

ಇನ್ನು ನುಡಿಯ ವಿಷಯ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯ ಯುನಿಕೋಡ್ ಅಲ್ಲ. ಹಾಗೇ ಅಂಟಿಸಿದರೆ ಪುಟದ ತುಂಬ ಅರ್ಥವಿಲ್ಲದ ಲ್ಯಾಟಿನ್ ಅಕ್ಷರ ಕಾಣುತ್ತದೆ, ಗೂಗಲ್‌ಗೂ ಅದು ಕನ್ನಡವೆಂದು ತಿಳಿಯುವುದಿಲ್ಲ. ಉಚಿತ ಪರಿವರ್ತಕಗಳಿವೆ. ಪರಿವರ್ತನೆಯಾದ ಮೇಲೆ ಧರ್ಮ, ವರ್ಷ, ಕಾರ್ಯ ಇಂಥ ಅರ್ಕಾವತ್ತಿನ ಪದಗಳನ್ನು ಕಣ್ಣಿಟ್ಟು ತಿದ್ದಿ. ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ. ಲೇಖನದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ನೀವೇ ಚಿಕ್ಕದಾಗಿ ಬರೆದುಕೊಡಿ. ವರ್ಡ್‌ಪ್ರೆಸ್‌ನಲ್ಲಿ ಆ ಜಾಗಕ್ಕೆ 200 ಅಕ್ಷರದ ಮಿತಿಯಿದೆ. ಕನ್ನಡದ ಒಂದೊಂದು ಅಕ್ಷರ ಅಥವಾ ಚಿಹ್ನೆ ಅಲ್ಲಿ ಒಂಬತ್ತು ಅಕ್ಷರವಾಗಿ ಹಿಗ್ಗುವುದರಿಂದ 22ಕ್ಕೇ ಅದು ತುಂಡಾಗುತ್ತದೆ. ಅಂಥ ಉದ್ದನೆಯ ಕೊಂಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಮಾಲೆಯೇ ಕಾಣುತ್ತದೆ.

ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ನನ್ನ ಪರಿಚಯ, ಮಾಡಿದ ಚಿತ್ರಗಳು, ಸಂಪರ್ಕ, ಇಷ್ಟೇ ನಾಲ್ಕು ಪುಟದ ಸೈಟು ಬೇಕು. ಹಣ ಕೊಡದೆ ಆಗುತ್ತದೆಯೇ?
— ವಿರಾಜಪೇಟೆಯ ವಿದ್ಯಾರ್ಥಿನಿ

ಖಂಡಿತ ಆಗುತ್ತದೆ, ನಿಮಗೆ ಹೋಸ್ಟಿಂಗ್ ಕೊಳ್ಳುವ ಅಗತ್ಯವೇ ಇಲ್ಲ. ನಾಲ್ಕು ಸ್ಥಿರ ಪುಟಗಳಿಗೆ ಡೇಟಾಬೇಸ್ (ಬರಹಗಳನ್ನು ಕೋಷ್ಟಕಗಳಲ್ಲಿ ಕೂಡಿಡುವ ವ್ಯವಸ್ಥೆ) ಬೇಡ, ವರ್ಡ್‌ಪ್ರೆಸ್ ಬೇಡ. ಇಂಥ ಪುಟಗಳನ್ನು ಇಟ್ಟುಕೊಡುವ ಗಿಟ್‌ಹಬ್ ಪೇಜಸ್ ಎಂಬ ಸೇವೆ ಸೈಟೊಂದಕ್ಕೆ 1 ಜಿಬಿವರೆಗೆ, ತಿಂಗಳಿಗೆ 100 ಜಿಬಿ ಓಡಾಟದವರೆಗೆ ಉಚಿತ. ಕ್ಲೌಡ್‌ಫ್ಲೇರ್ ಪೇಜಸ್ ಕೂಡ ಉಚಿತ, ಆದರೆ ಒಂದೊಂದು ಫೈಲು 25 ಎಂಬಿ ಮೀರಬಾರದು. ಎರಡರಲ್ಲೂ ಸ್ವಂತ ಡೊಮೇನ್ ಜೋಡಿಸಬಹುದು, ಎಸ್‌ಎಸ್‌ಎಲ್ ತಾನಾಗಿ ಬರುತ್ತದೆ. ಖರ್ಚೇನಿದ್ದರೂ ಡೊಮೇನಿನದು ಮಾತ್ರ, ಅದನ್ನು ಕೆಲಸ ಸಿಕ್ಕಮೇಲೆ ಕೊಂಡರೂ ನಡೆದೀತು.

ಎರಡು ಎಚ್ಚರಿಕೆ. ಮುಖಪುಟದ ಫೈಲಿನ ಹೆಸರು ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಎಂದೇ, ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಇರಬೇಕು. ಚಿತ್ರಗಳ ಹೆಸರಲ್ಲೂ ಅಷ್ಟೇ. ನಿಮ್ಮ ವಿಂಡೋಸ್ ಕಂಪ್ಯೂಟರಿಗೆ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ, ಸರ್ವರಿಗೆ ಬೇರೆ ಬೇರೆ. ಮನೆಯಲ್ಲಿ ಕಂಡ ಚಿತ್ರ ಸೈಟಿನಲ್ಲಿ ಕಾಣೆಯಾಗಲು ನೂರಕ್ಕೆ ತೊಂಬತ್ತು ಸಲ ಇದೇ ಕಾರಣ. ಸಂಪರ್ಕದ ಫಾರಂ ಸ್ಥಿರ ಪುಟದಲ್ಲಿ ತಾನಾಗಿ ಮೇಲ್ ಕಳಿಸಲಾರದು, ಸದ್ಯಕ್ಕೆ ನಿಮ್ಮ ಇಮೇಲ್ ವಿಳಾಸವನ್ನೇ ಹಾಕಿ. ಮನೆ ವಿಳಾಸ, ಫೋನ್ ನಂಬರ್ ಬೇಡ.

ಮನೆಯಲ್ಲಿ ಹಳೆಯ ಕಂಪ್ಯೂಟರ್ ಸುಮ್ಮನೆ ಬಿದ್ದಿದೆ, ಫೈಬರ್ ಸಂಪರ್ಕವೂ ಇದೆ. ಅದನ್ನೇ ಸರ್ವರ್ ಮಾಡಿದರೆ?
— ನಾಪೋಕ್ಲುವಿನ ಓದುಗರು

ಕಲಿಯಲು ಒಳ್ಳೆಯದು, ಜನರಿಗೆ ತೋರಿಸುವ ಸೈಟಿಗೆ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟ್ ಹೋದರೆ ಎಷ್ಟು ದಿನಕ್ಕೆ ಬರುತ್ತದೆ ಎನ್ನುವುದು ನಿಮಗೇ ಗೊತ್ತು. ಯುಪಿಎಸ್ ಅಷ್ಟು ಹೊತ್ತು ತಡೆಯುವುದಿಲ್ಲ. ಇನ್ನೊಂದು ಅಡ್ಡಿ ಕಣ್ಣಿಗೆ ಕಾಣದ್ದು. ಹಲವು ಇಂಟರ್ನೆಟ್ ಕಂಪನಿಗಳು ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು (ಇಂಟರ್ನೆಟ್ಟಿನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) ಅನೇಕ ಮನೆಗಳಿಗೆ ಹಂಚುತ್ತವೆ. ರೌಟರಿನ ಪುಟದಲ್ಲಿ ‘ವ್ಯಾನ್ ಐಪಿ’ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಹೊರಗಿನವರಿಗೆ ನಿಮ್ಮ ಕಂಪ್ಯೂಟರಿಗೆ ನೇರ ದಾರಿಯೇ ಇಲ್ಲ.

ಹೋಸ್ಟಿಂಗ್ ಕಂಪನಿ ಬದಲಿಸಿದೆ. ಹೊಸ ಕಡೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿವೆ. ಐದು ವರ್ಷದ ಬರಹ ಹೋಯಿತೇ?
— ಕುಶಾಲನಗರದ ಓದುಗರು

ಉತ್ತರ ಓದುವ ಮುಂಚೆ ಒಂದು ಮಾತು: ಹಳೆಯ ಖಾತೆಯನ್ನು ಇನ್ನೂ ಮುಚ್ಚಬೇಡಿ, ಹೊಸ ಸೈಟಿನ ಯಾವ ಲೇಖನದಲ್ಲೂ ‘ಅಪ್‌ಡೇಟ್’ ಗುಂಡಿ ಒತ್ತಬೇಡಿ. ಒತ್ತಿದರೆ ಆ ಪ್ರಶ್ನಾರ್ಥಕಗಳೇ ಡೇಟಾಬೇಸಿಗೆ ಹೋಗಿ ಕೂರುತ್ತವೆ.

ಈಗ ಹೊಸ ಹೋಸ್ಟಿಂಗ್ ಖಾತೆಯಲ್ಲಿ ಪಿಎಚ್‌ಪಿಮೈಅಡ್ಮಿನ್ (ಡೇಟಾಬೇಸನ್ನು ಬ್ರೌಸರ್‌ನಲ್ಲಿ ನೋಡುವ ಸಾಧನ) ತೆರೆದು, ಲೇಖನಗಳಿರುವ ‘ಪೋಸ್ಟ್ಸ್’ ಕೋಷ್ಟಕವನ್ನು ನೋಡಿ. ಅಲ್ಲಿ ಕನ್ನಡ ಸರಿಯಾಗಿ ಕಂಡರೆ ಬರಹ ಕ್ಷೇಮ. ಸಂಪರ್ಕದ ಸೆಟ್ಟಿಂಗ್ ಮಾತ್ರ ತಪ್ಪಿದೆ. ವರ್ಡ್‌ಪ್ರೆಸ್‌ನ ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲಿನಲ್ಲಿ, ಅಕ್ಷರಮಾದರಿ ತಿಳಿಸುವ ‘ಡಿಬಿ ಚಾರ್‌ಸೆಟ್’ ಎಂಬ ಸಾಲಿಗೆ ‘ಯುಟಿಎಫ್8ಎಂಬಿ4’ ಎಂದು ಹಾಕಿ. ಅಲ್ಲೂ ಪ್ರಶ್ನಾರ್ಥಕಗಳೇ ಇದ್ದರೆ ಸಾಗಿಸುವಾಗ ಕೆಟ್ಟಿದೆ, ಆ ಪ್ರತಿಯನ್ನು ರಿಪೇರಿ ಮಾಡಲಾಗದು. ಹೊಸ ಡೇಟಾಬೇಸನ್ನು ಯುಟಿಎಫ್8ಎಂಬಿ4ನಲ್ಲಿ ಖಾಲಿಯಾಗಿ ಸೃಷ್ಟಿಸಿ, ಹಳೆಯ ಕಡೆಯಿಂದ ಮತ್ತೆ ಎಕ್ಸ್‌ಪೋರ್ಟ್ ಮಾಡಿ, ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕನ್ನಡ ಓದಲು ಬರುತ್ತದೆಂದು ಖಚಿತಪಡಿಸಿಕೊಂಡು, ಇಂಪೋರ್ಟ್ ಪುಟದಲ್ಲಿ ಅಕ್ಷರಮಾದರಿ ‘ಯುಟಿಎಫ್-8’ ಇರುವಂತೆ ನೋಡಿ ಹಾಕಿ.

ಇದೇ ಜಾತಿಯ ಇನ್ನೊಂದು ತೊಂದರೆಯಲ್ಲಿ ಪ್ರಶ್ನಾರ್ಥಕಗಳ ಬದಲು, ಮೇಲೆ ಗೀಟು ಹೊತ್ತ ಇಂಗ್ಲಿಷಿನ ಸಣ್ಣ ‘ಎ’, ಅದರ ಹೆಗಲಿಗೆ ಪುಟ್ಟ 2 ಅಥವಾ 3 ಸಾಲಾಗಿ ಕಾಣುತ್ತವೆ. ಇದನ್ನು ಕಂಡವರು ನಿರಾಳವಾಗಿರಬಹುದು. ಕನ್ನಡದ ಮೂರೂ ಬೈಟುಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ, ಓದುವ ಮಾದರಿಯಷ್ಟೇ ತಪ್ಪಿರುತ್ತದೆ. ಹಳೆಯ ಸೈಟಿನ ಕಾನ್ಫಿಗ್ ಫೈಲಿನಲ್ಲಿ ಚಾರ್‌ಸೆಟ್ ಏನಿತ್ತೋ ಅದನ್ನೇ ಹೊಸದರಲ್ಲಿ ಹಾಕಿ ನೋಡಿ.

ನಮ್ಮ ಹೋಂಸ್ಟೇಗೆ ಪರಿಚಯದ ಹುಡುಗನೊಬ್ಬ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಈಗ ಅವನು ಬೇರೆ ಊರಿನಲ್ಲಿದ್ದಾನೆ, ಅಪರೂಪಕ್ಕೆ ಫೋನ್ ಎತ್ತುತ್ತಾನೆ. ಡೊಮೇನ್ ಯಾರ ಹೆಸರಿನಲ್ಲಿದೆ ಎಂದೇ ತಿಳಿಯದು. ಬೋರ್ಡು, ಕಾರ್ಡು ಎಲ್ಲದರಲ್ಲೂ ಅದೇ ವಿಳಾಸವಿದೆ.
— ಭಾಗಮಂಡಲದ ಓದುಗರು

ಅವನು ಫೋನ್ ಎತ್ತುವಷ್ಟು ದಿನ ಇದು ಅರ್ಧ ಗಂಟೆಯ ಕೆಲಸ, ಈ ವಾರವೇ ಮುಗಿಸಿ. ಡೊಮೇನ್‌ಗಳ ನೋಂದಣಿ ವಿವರ ತೋರಿಸುವ ‘ಹೂ ಈಸ್’ ಹುಡುಕಾಟದಲ್ಲಿ ನಿಮ್ಮ ಡೊಮೇನ್ ಹೆಸರು ಹಾಕಿದರೆ ರಿಜಿಸ್ಟ್ರಾರ್ ಕಂಪನಿ ಯಾವುದು, ಗಡುವು ಯಾವತ್ತು ಎಂಬ ಎರಡು ಸಂಗತಿ ತಿಳಿಯುತ್ತವೆ. ಅದೇ ಕಂಪನಿಯಲ್ಲಿ ನಿಮ್ಮ ಹೆಸರಿನಲ್ಲಿ ಉಚಿತವಾಗಿ ಖಾತೆ ತೆರೆಯಿರಿ. ಅವನ ಖಾತೆಯಿಂದ ನಿಮ್ಮ ಖಾತೆಗೆ ಡೊಮೇನ್ ತಳ್ಳಲು ಹೇಳಿ. ಬಹುತೇಕ ಕಡೆ ಇದಕ್ಕೆ ಹಣವಿಲ್ಲ, ಸೈಟೂ ನಿಲ್ಲುವುದಿಲ್ಲ. ಬೇರೆ ಕಂಪನಿಗೆ ಒಯ್ಯುವುದಾದರೆ ಮಾತ್ರ ಡೊಮೇನಿಗೆ ಹಾಕಿದ ವರ್ಗಾವಣೆ ಬೀಗ ತೆಗೆಸಿ ವರ್ಗಾವಣೆ ಕೋಡ್ ಪಡೆಯಬೇಕು. ಡಾಟ್ ಕಾಮ್ ಆಗಿದ್ದು, ನೋಂದಣಿಯಾಗಿ 60 ದಿನವಾಗಿಲ್ಲದಿದ್ದರೆ ಅದೂ ಆಗದು.

ಡೊಮೇನ್ ನಿಮ್ಮ ಖಾತೆಗೆ ಬಂದ ಮೇಲೆ ನೋಂದಣಿದಾರರ ಹೆಸರು, ಫೋನ್, ಇಮೇಲ್ ಮೂರನ್ನೂ ನಿಮ್ಮದಕ್ಕೆ ಬದಲಿಸಿ. ಇಮೇಲ್ ಮಾತ್ರ ಅದೇ ಡೊಮೇನಿನದು ಆಗಬಾರದು. ಗಡುವು ಮೀರಿದರೆ ಆ ಇಮೇಲೂ ನಿಲ್ಲುತ್ತದೆ, ಎಚ್ಚರಿಕೆಯ ಪತ್ರ ನಿಮಗೆ ತಲುಪುವುದೇ ಇಲ್ಲ. ಕಾರ್ಡಿನಿಂದ ತಾನಾಗಿ ಹಣ ಹೋಗುತ್ತದೆಂದು ನೆಚ್ಚಬೇಡಿ. ವಿದೇಶಿ ಕಂಪನಿಗಳಿಗೆ ನಮ್ಮ ಕಾರ್ಡುಗಳ ಆಟೋ ಪಾವತಿ ಎಷ್ಟೋ ಸಲ ತಿರಸ್ಕೃತವಾಗುತ್ತದೆ. ಡಾಟ್ ಕಾಮ್ ಹೆಸರುಗಳು ಗಡುವು ಮುಗಿದ ಮೇಲೂ ಸಾಮಾನ್ಯವಾಗಿ ಕೆಲವು ವಾರ ಮಾಮೂಲಿ ದರದಲ್ಲಿ ಸಿಗುತ್ತವೆ. ಆಮೇಲಿನ 30 ದಿನ ದೊಡ್ಡ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು, ಅದೂ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಹುತ್ತರಿಯ ಹೊತ್ತಿಗೆ ನಿಮ್ಮ ಕೋಣೆಗಳು ತುಂಬುವ ಕಾಲ, ಗಡುವು ಅದರ ಹತ್ತಿರ ಬಿದ್ದಿದ್ದರೆ ಈಗಲೇ ಎರಡು ವರ್ಷಕ್ಕೆ ಕಟ್ಟಿಬಿಡಿ. ಹೋಸ್ಟಿಂಗ್ ಖಾತೆಯ ಪಾಸ್‌ವರ್ಡನ್ನೂ ಅದೇ ಫೋನ್ ಕರೆಯಲ್ಲಿ ಕೇಳಿ ಪಡೆದು, ಸೈಟಿನ ಪೂರ್ತಿ ಬ್ಯಾಕಪ್ ಒಂದನ್ನು ನಿಮ್ಮ ಪೆನ್‌ಡ್ರೈವಿಗೆ ಇಳಿಸಿಕೊಂಡು, ತಕ್ಷಣ ಪಾಸ್‌ವರ್ಡ್ ಬದಲಿಸಿ.