ರಾಯಚೂರಲ್ಲಿ ಗಾಲಿಕುರ್ಚಿಯವರು ಸಿಟಿ ಬಸ್ ಹತ್ತುವಂತಾಗಲು ಮೊದಲು ಏನು ಬದಲಾಗಬೇಕು?

ಬಸ್ ಸ್ಟಾಪ್! ಎಲ್ಲರೂ ಲೋ ಫ್ಲೋರ್ (ತಗ್ಗು ನೆಲದ) ಬಸ್ ತನ್ನಿ ಅಂತಾರೆ. ಬೇಕು ನಿಜ, ಆದರೆ ಅದರ ನೆಲವೂ ರಸ್ತೆಯಿಂದ ಸುಮಾರು 400 ಮಿ.ಮೀ. ಮೇಲಿರುತ್ತದೆ. ಇಳಿಜಾರು 1:12 (ಅಂದರೆ 1 ಅಡಿ ಏರಲು 12 ಅಡಿ ಉದ್ದ) ಇರಬೇಕೆಂದರೆ ರಸ್ತೆಯಿಂದ ಹತ್ತಲು ಸುಮಾರು 5 ಮೀಟರ್ ರಾಂಪ್ ಬೇಕು. ಬಸ್ಸಲ್ಲಿ ಅಷ್ಟುದ್ದದ್ದು ಇಡೋಕಾಗಲ್ಲ ಅಲ್ವಾ? ಅದಕ್ಕೇ ಸ್ಟಾಪಿನ ಕಟ್ಟೆ ಎತ್ತರವಿರಬೇಕು, ಬಸ್ ಅದಕ್ಕೆ ತಾಗಿದಂತೆ ನಿಲ್ಲಬೇಕು. ಆಗ ಬಸ್ಸಿನ ಚಿಕ್ಕ ಮಡಚು ರಾಂಪೇ ಸಾಕು. ಸ್ಟಾಪಿನ ಮುಂದೆ ಆಟೋ, ತಳ್ಳುಗಾಡಿ ನಿಂತರೆ ಬಸ್ ನಡುರಸ್ತೆಯಲ್ಲೇ ನಿಲ್ಲುತ್ತದೆ. ಕಟ್ಟೆ ಇದ್ದೂ ಸುಮ್ನೆ.

ಕಣ್ಣು ಕಾಣದವರಿಗೆ ಸ್ಟಾಪಿನ ಹೆಸರು ಕೂಗಿ ಹೇಳಿದರೂ ದೊಡ್ಡ ಉಪಕಾರ, ಖರ್ಚೂ ಇಲ್ಲ. ಅಂದಹಾಗೆ, ಇದೆಲ್ಲ ದಯೆಯಲ್ಲ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಸಾರಿಗೆಯ ಮಾತಿದೆ.